ಉಯಿಲುಗಾಹಿ

ದನ ಕಾಯುವವನು ದನಗಾಹಿಯಾದರೆ, ಹೆತ್ತವರು ಬರೆದಿಟ್ಟಿರುವ ಅಥವಾ ಬರೆದಿಟ್ಟಿರಬಹುದಾದ ಉಯಿಲನ್ನು ಕಾಯುತ್ತ ವಯಸ್ಸು ಸವೆಸುವ ಮಗನನ್ನು ಉಯಿಲುಗಾಹಿ ಎಂದು ಕರೆಯಲು ಅಡ್ಡಿಯಿಲ್ಲ. ಈತ ಎಲ್ಲ ಸೀಮೆಗಳಲ್ಲಿಯೂ ಸಿಗುತ್ತಾನಾದರೂ, ತೆಂಗಿನ ತೋಟವೂ ದೀರ್ಘಾಯುಷಿ ತಂದೆಯೂ ಒಟ್ಟಿಗಿರುವ ಅರಸೀಕೆರೆಯ ಆಸುಪಾಸಿನಲ್ಲಿ ಚೆನ್ನಾಗಿ ಬಲಿಯುತ್ತಾನೆ. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದು, ತಿಂಗಳಿಗೊಮ್ಮೆ ಶನಿವಾರದ ರೈಲಿನಲ್ಲಿ ಸಕ್ಕರೆಯಿಲ್ಲದ ಬಿಸ್ಕತ್ತಿನೊಡನೆ ಊರಿಗೆ ಇಳಿಯುತ್ತಾನೆ.

ಉಯಿಲಿಗೆ ಕಚೇರಿಯ ಕನ್ನಡದಲ್ಲಿ ಮರಣಶಾಸನವೆಂದು ಹೆಸರು. ಶಾಸನಗಳಿಗೇನೂ ಈ ಸೀಮೆಯಲ್ಲಿ ಬರವಿಲ್ಲ. ಹೊಯ್ಸಳರ ಕಾಲದ ದಾನಶಾಸನಗಳು ಯಾರು, ಯಾರಿಗೆ, ಯಾವ ಎಲ್ಲೆಯ ಭೂಮಿಯನ್ನು ಬಿಟ್ಟರೆಂಬುದನ್ನು, ಅದನ್ನು ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆಂಬ ಶಾಪದ ಸಮೇತ, ಕಲ್ಲಿನ ಮೇಲೆ ಎಲ್ಲರೆದುರು ನಿಲ್ಲಿಸಿವೆ, ಬಿ.ಎಲ್. ರೈಸ್ ಅವನ್ನು ಓದಿಸಿ 1902ರಲ್ಲಿ ಹಾಸನ ಜಿಲ್ಲೆಯ ಸಂಪುಟವನ್ನೇ ಅಚ್ಚು ಹಾಕಿಸಿದರು. ಬೇಲೂರು ಹಳೇಬೀಡುಗಳ ಕಲ್ಲು ಏನು ಹೇಳುತ್ತದೆಂಬುದು ಹೀಗೆ ಲಂಡನ್ನಿಗೂ ಗೊತ್ತಾಯಿತು. ತನ್ನ ಮನೆಯ ಟ್ರಂಕಿನೊಳಗಿನ ಎರಡು ಹಾಳೆ ಏನು ಹೇಳುತ್ತವೆಂಬುದು ಉಯಿಲುಗಾಹಿಗೆ ಇನ್ನೂ ಗೊತ್ತಾಗಿಲ್ಲ.

ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿಯಲ್ಲಿ ನೀರು ಇಂಗಿ ತಿರುಳು ಚಿಪ್ಪು ಬಿಡಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ, ಮತ್ತು ಬಲ್ಲವನು ಅದನ್ನು ಒಡೆಯದೆ, ಕಿವಿಯ ಬಳಿ ಅಲ್ಲಾಡಿಸಿ, ಸದ್ದಿನಿಂದಲೇ ಹದ ತಿಳಿಯುತ್ತಾನೆ. ಉಯಿಲುಗಾಹಿ ತಂದೆಯನ್ನು ಅಲ್ಲಾಡಿಸುವುದೂ ಹೀಗೆಯೇ. "ಅಪ್ಪಾಜಿ, ಬಿಪಿ ಮಾತ್ರೆ ತಗೊಂಡ್ರಾ?" ಎಂದು ಕೇಳಿ, ಬೆನ್ನಿಗೇ "ಕೆರೆ ಕೆಳಗಿನ ತೋಟದ ಪಹಣಿ ಎಲ್ಲಿಟ್ಟಿದ್ದೀರಿ?" ಎನ್ನುತ್ತಾನೆ; ತಂದೆ ಎರಡಕ್ಕೂ ಸೇರಿಸಿ ಒಂದೇ "ಹೂಂ" ಹಾಕುತ್ತಾರೆ.

ಆಮೇಲಿನ ದಾರಿ ಇ.ಸಿ., ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರ. ಅದನ್ನು ಎಷ್ಟು ಸಲ ತೆಗೆಸಿದರೂ ಉಯಿಲು ಕಾಣುವುದಿಲ್ಲ, ಏಕೆಂದರೆ 1908ರ ನೋಂದಣಿ ಕಾಯಿದೆಯು ಉಯಿಲುಗಳಿಗೆ 3ನೇ ಪುಸ್ತಕವೆಂಬ ಪ್ರತ್ಯೇಕ ರಿಜಿಸ್ಟರನ್ನು ಇರಿಸಿದ್ದು, ಬರೆದವರು ಬದುಕಿರುವ ತನಕ ಅವರಿಗೂ ಅವರ ಏಜೆಂಟರಿಗೂ ಹೊರತು ಯಾರಿಗೂ ಅದರ ನಕಲು ಸಿಗದು. ಬರೆದವರು ತೀರಿಕೊಂಡ ಮೇಲೆ ಅರ್ಜಿ ಹಾಕಿದವರಿಗೆಲ್ಲ ಸಿಗುತ್ತದೆ. ಆಗ ಮಗನೂ ಎದುರು ಹೋಟೆಲಿನ ಸಪ್ಲೈಯರೂ ಕಾಯಿದೆಯ ಕಣ್ಣಿಗೆ ಒಂದೇ ಎಂಬುದು ಅವನ ಒಂದು ಹಳೆಯ ನೋವು. ಉಯಿಲಿಗೆ ನೋಂದಣಿಯೇ ಕಡ್ಡಾಯವಲ್ಲವೆಂಬುದು ಇನ್ನೊಂದು.

1925ರ ಉತ್ತರಾಧಿಕಾರ ಕಾಯಿದೆಯಂತೆ ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು. ಅವರಲ್ಲೊಬ್ಬನಾದ ಪಕ್ಕದ ತೋಟದವನಿಗೆ ಮೂರು ಸಲ ಕಾಫಿ, ವಡೆ ಕೊಡಿಸಿದ ಮೇಲೆ, ಸಾಕ್ಷಿಯಾದವನು ರುಜುವನ್ನು ನೋಡಿದರೆ ಸಾಕು, ಒಕ್ಕಣೆಯನ್ನು ಓದಬೇಕಾಗಿಲ್ಲವೆಂಬ ಕಾನೂನಿನ ಅಂಶ ಹೊರಬೀಳುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ತಂದೆ ತಮ್ಮ ಪಾಲನ್ನಷ್ಟೇ ಉಯಿಲು ಮಾಡಬಲ್ಲರೆಂಬ ನೆಮ್ಮದಿಯೂ ಪೂರ್ತಿ ಅವನದಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಮಗಳನ್ನೂ ಹುಟ್ಟಿನಿಂದಲೇ ಸಮಪಾಲುದಾರಳನ್ನಾಗಿ ಮಾಡಿದೆ, ಬೇಲೂರಿಗೆ ಕೊಟ್ಟ ತಂಗಿಗೆ ಗೌರಿಹಬ್ಬದ ಬಾಗಿನ ಈಚೆಗೆ ತಪ್ಪದೆ ಮುಟ್ಟುತ್ತಿದೆ.

ಇಷ್ಟಾಗಿಯೂ ಟ್ರಂಕಿನ ಬೀಗ ಒಮ್ಮೆ ತೆರೆದಿದ್ದು, ಎರಡು ಹಾಳೆಯನ್ನೂ ಅವನು ಓದಿಕೊಂಡನೆಂದು ಭಾವಿಸೋಣ. ಬರೆದವರು ಬದುಕಿರುವವರೆಗೆ ಉಯಿಲನ್ನು ಎಷ್ಟು ಸಲ ಬೇಕಾದರೂ ರದ್ದುಮಾಡಿ ಬರೆಯಬಹುದು, ಕೊನೆಯದೇ ಊರ್ಜಿತ. ಸೋಮವಾರ ಬೆಳಿಗ್ಗೆ ತಂದೆ ಗಡ್ಡ ಹೆರೆಸಿಕೊಂಡು, ಇಸ್ತ್ರಿ ಅಂಗಿಯ ಜೇಬಿನಲ್ಲಿ ಎರಡು ಪಾಸ್‌ಪೋರ್ಟ್ ಫೋಟೊ ಇಟ್ಟುಕೊಂಡು ಜಗಲಿಗೆ ಬರುತ್ತಾರೆ. "ಹೋದ್ಸಲದ್ದು ಯಾಕೋ ಸರಿಯಾಗ್ಲಿಲ್ಲ ಕಣಪ್ಪ, ಬಿಕ್ಕಲಂನೋರಿಗೆ ಹೇಳಿದ್ದೀನಿ, ಅರಸೀಕೆರೆವರ್ಗೂ ಬಿಟ್ಬಿಡು" ಎನ್ನುತ್ತಾರೆ. ಬಿಕ್ಕಲಂನೋರು ಎಂದರೆ ಪತ್ರ ಬರೆಯುವವರು. ಉಯಿಲುಗಾಹಿ ಸ್ನೇಹಿತನ ಕಾರು ತಂದು, ಕಚೇರಿಯ ಹೊರಗೆ ಹೊಂಗೆಮರದ ನೆರಳಿಗೆ ನಿಲ್ಲಿಸಿ, ಒಳಗೆ ಹೋಗಿ ಬಂದ ಸಾಕ್ಷಿಗಳಿಬ್ಬರ ಕಾಫಿಯ ದುಡ್ಡನ್ನೂ ತಾನೇ ಕೊಡುತ್ತಾನೆ.