ಪಕ್ಕದ ಸೀಟಿನವರಿಗೊಂದು ಬಹಿರಂಗ ಪತ್ರ

ಗೆಳೆಯ ಕೊಂಡ ಹಳೆ ಕಾರನ್ನು ದೆಹಲಿಯಿಂದ ಬೆಂಗಳೂರಿಗೆ ಓಡಿಸಿಕೊಂಡು ಬರಲು ಜೊತೆಗೆ ಹೊರಟಿರುವ ಮಹನೀಯರಿಗೆ,

ಅಭಿನಂದನೆ ನಿಮಗೆ, ಕಾರು ಕೊಂಡವನಿಗಲ್ಲ. ಅವನಿಗೆ ಕಾರಾದರೂ ಸಿಗುತ್ತದೆ. ಅದೇ ಮಾಡೆಲ್ಲು, ಅದೇ ವರ್ಷದ್ದು, ಇಲ್ಲಿಗಿಂತ ಎಷ್ಟು ಅಗ್ಗ ನೋಡು ಎಂದು ಅವನು ನಿಮಗೆ ಮೊಬೈಲಿನಲ್ಲಿ ತೋರಿಸಿರುತ್ತಾನೆ. ಅಗ್ಗವೇನೋ ನಿಜ. ಆದರೆ ದೆಹಲಿಯವರು ಕನ್ನಡಿಗರ ಮೇಲಿನ ಮಮತೆಯಿಂದ ಕಾರು ಬಿಟ್ಟುಕೊಡುತ್ತಿಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಪೆಟ್ರೋಲಿಗೆ ಹದಿನೈದು ವರ್ಷದ ಗಡುವೂ ಖಾಯಂ ಆಯಿತು. 2025ರ ಜುಲೈಯಲ್ಲಿ ಇಂಥ ಗಾಡಿಗಳಿಗೆ ಬಂಕಿನಲ್ಲಿ ಎಣ್ಣೆಯನ್ನೇ ಹಾಕಬಾರದೆಂಬ ಆದೇಶ ಜಾರಿಗೆ ಬಂತು, ಕೆಲವೇ ದಿನಕ್ಕೆ ಮೂಲೆ ಸೇರಿತು. ನಾಳೆ ಇನ್ನೇನೋ ಎಂಬ ಆ ದಿಗಿಲೇ ನಿಮ್ಮ ಗೆಳೆಯನ ಕಣ್ಣಿಗೆ ಡಿಸ್ಕೌಂಟಾಗಿ ಕಾಣುತ್ತಿದೆ.

ಇನ್ನು ಇಲ್ಲಿನ ಹಳೆ ಕಾರೇಕೆ ದುಬಾರಿ? ಕರ್ನಾಟಕದಲ್ಲಿ ಹೊಸ ಕಾರಿನ ಲೈಫ್ ಟೈಮ್ ಟ್ಯಾಕ್ಸ್ ಬೆಲೆಗೆ ತಕ್ಕಂತೆ ಸುಮಾರು ಶೇ. 13ರಿಂದ 18, ಮೇಲೆ ಸೆಸ್ಸು. ಮೊದಲ ಮಾಲೀಕ ಕಟ್ಟಿದ ಆ ತೆರಿಗೆ ಇಲ್ಲಿನ ಸೆಕೆಂಡ್ ಹ್ಯಾಂಡ್ ಬೆಲೆಯೊಳಗೇ ಕೂತಿರುತ್ತದೆ. ದೆಹಲಿ ಕಾರಿನ ಬೆಲೆಯಲ್ಲಿ ಅದಿಲ್ಲ, ಅದು ಆರ್‌ಟಿಒ ಕಚೇರಿಯಲ್ಲಿ ಕಾದಿರುತ್ತದೆ. ನಿಮ್ಮ ಗೆಳೆಯ ಕೊಟ್ಟ ಅಗ್ಗದ ಬೆಲೆಯನ್ನು ಆ ಕಚೇರಿ ಕೇಳುವುದಿಲ್ಲ; ಹೊಸ ಕಾರಿಗೆಷ್ಟು ತೆರಿಗೆಯೋ ಅದನ್ನು ಹಿಡಿದು ವಯಸ್ಸಿಗೆ ತಕ್ಕಷ್ಟು ಕಳೆಯುತ್ತದೆ. ದೆಹಲಿಯ ಡಿಎಲ್ ನಂಬರಿನಲ್ಲೇ ಓಡಿಸಿಕೊಂಡಿರುತ್ತೇನೆ ಎಂದಾನು. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಆ ಸುಖಕ್ಕೆ ಹನ್ನೆರಡು ತಿಂಗಳ ಗಡಿ ಹಾಕಿದೆ. ಇಲ್ಲಿ ದೆಹಲಿಯ ಗಡುವಿಲ್ಲ, ಹದಿನೈದು ವರ್ಷವಾದರೂ ಎಫ್‌ಸಿ ಮಾಡಿಸಿ ಐದೈದು ವರ್ಷ ಮುಂದುವರಿಸಬಹುದು ಎಂಬ ವಾದವೂ ಇದೆ. ಒಪ್ಪಿದೆ, ಅದು ಗಟ್ಟಿ ವಾದವೇ. ಹಾಗಾಗಿ ಒಂದಿಷ್ಟು ಉಳಿಯುತ್ತದೆ ಎಂದೇ ಇಟ್ಟುಕೊಳ್ಳೋಣ. ಆ ಉಳಿಕೆ ಬಂದದ್ದೆಲ್ಲಿಂದ? ಲಾರಿಗೆ ಹೇರಿ ಕಳಿಸಿದರೆ ಬಾಡಿಗೆ ಕೊಡಬೇಕು, ಡ್ರೈವರ್ ಇಟ್ಟರೆ ಸಂಬಳ, ಬಾಟಾ, ವಾಪಸು ಟಿಕೆಟ್ಟು. ನೀವಾದರೆ ಧಾಬಾದಲ್ಲಿ ಎರಡು ಪರಾಠ ಸಾಕು.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರಿನ ವ್ಯಾಪಾರವನ್ನೇ ಇಟ್ಟುಕೊಂಡು ಪ್ರಬಂಧ ಬರೆದರು, 2001ರ ನೊಬೆಲ್‌ನಲ್ಲಿ ಪಾಲು ಪಡೆದರು. ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂಬುದು ಅದರ ತಿರುಳು. ಬಾನೆಟ್ ಎತ್ತಿದಾಗ ಪಕ್ಕದಲ್ಲಿ ನಿಂತು ‘ಎಂಜಿನ್ ಸೌಂಡ್ ಸೂಪರ್ ಮಗಾ’ ಎನ್ನುವ ಮೂರನೆಯವನು ಅವರ ಲೆಕ್ಕಕ್ಕೆ ಸಿಗಲಿಲ್ಲ. ಮುಂದೆ ಗೇರ್‌ಬಾಕ್ಸ್ ಕೈಕೊಟ್ಟಾಗ ‘ನೀನೇ ಅಲ್ವಾ ಚೆನ್ನಾಗಿದೆ ಅಂದಿದ್ದು’ ಎಂಬ ಮಾತಿಗೆ ಒಬ್ಬರು ಬೇಕಲ್ಲ! ವಿಮೆಯ ಗತಿಯೂ ಕೇಳಿ. ಪಾಲಿಸಿ ಇನ್ನೂ ಮಾರಿದವನ ಹೆಸರಲ್ಲಿದ್ದರೆ, ಎದುರಿನವರಿಗಾದ ನಷ್ಟಕ್ಕೆ ಅದು ಒದಗೀತು. ನಿಮ್ಮ ಗೆಳೆಯನ ಕಾರೇ ಜಜ್ಜಿಹೋದರೆ ಕಂಪನಿ ಕೈಯೆತ್ತಬಹುದು. ಅವನು ಗೊರಕೆ ಹೊಡೆಯುವ ಪಾಳಿಯಲ್ಲಿ ಸ್ಟೀರಿಂಗ್ ಯಾರ ಕೈಲಿರುತ್ತದೆಂದು ಹೇಳಬೇಕಿಲ್ಲ.

ಸ್ನೇಹಕ್ಕೆ ಕೂಲಿ ಕೇಳುತ್ತಾರೆಯೇ, ದೇಶ ನೋಡಿದ ಹಾಗಾಗುತ್ತದೆ ಎನ್ನುವಿರಿ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಆಗ್ರಾ, ಗ್ವಾಲಿಯರ್, ಝಾನ್ಸಿ, ನಾಗಪುರ, ಹೈದರಾಬಾದ್, ಅನಂತಪುರ, ಎಲ್ಲವೂ ಬರುತ್ತವೆ, ಬೈಪಾಸಿನ ಹಸಿರು ಫಲಕಗಳಾಗಿ. ಒಟ್ಟು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಸೋಮವಾರ ಆಫೀಸಿಗೆ ಮುಟ್ಟಬೇಕಾದವನು ತಾಜಮಹಲಿಗೆ ಬ್ರೇಕ್ ಹಾಕುವುದಿಲ್ಲ. ಸಿವನಿ ದಾಟಿ ಪೆಂಚ್ ಕಾಡು ಬಂದಾಗ ಹುಲಿಗಳು ಓಡಾಡಲೆಂದು ರಸ್ತೆಯನ್ನೇ ಮೇಲೆತ್ತಿದ್ದಾರೆ, ಗಾಡಿಯ ಬೆಳಕು, ಸದ್ದು ತಾಗದಂತೆ ಬದಿಗೆ ತಡೆಯನ್ನೂ ಕಟ್ಟಿದ್ದಾರೆ. ಹೆದ್ದಾರಿ ಹಾಕಿದವರು ಹುಲಿಯ ಅನುಕೂಲವನ್ನು ನಿಮ್ಮ ಗೆಳೆಯ ನಿಮ್ಮದನ್ನು ವಿಚಾರಿಸಿದ್ದಕ್ಕಿಂತ ಹೆಚ್ಚು ವಿಚಾರಿಸಿದ್ದಾರೆ.

ಕಾನೂನೂ ನಿಮ್ಮನ್ನು ಮರೆತಿದೆ. ಮಾರುವವನಿಗೆ ಫಾರಂ 29, ಕೊಳ್ಳುವವನಿಗೆ 30, ರಾಜ್ಯ ಬಿಡಲು ಎನ್‌ಒಸಿಗೆ 28. ಜೊತೆಗಾರನಿಗೆ ಯಾವ ಫಾರಮ್ಮೂ ಇಲ್ಲ. ಆದ್ದರಿಂದ ಹೊರಡುವ ಮುನ್ನ ನೀವೇ ಬಾಯಿಬಿಟ್ಟು ಕೇಳಿ: ವಿಮೆ ಯಾರ ಹೆಸರಿಗಾಯಿತು, ಎನ್‌ಒಸಿ ಕೈಗೆ ಬಂತೇ? ‘ಅಲ್ಲಿ ಹೋದಮೇಲೆ ಏಜೆಂಟ್ ಮಾಡಿಸಿಕೊಡ್ತಾನೆ ಬಾರೋ’ ಎಂದನೋ, ದೆಹಲಿಗೆ ಹೋಗಲು ತೆಗೆಸಿದ ಕರ್ನಾಟಕ ಎಕ್ಸ್‌ಪ್ರೆಸ್ಸಿನ ಟಿಕೆಟ್ಟನ್ನು ಅಂದೇ ಕ್ಯಾನ್ಸಲ್ ಮಾಡಿ. ರೈಲ್ವೆಯವರು ಒಂದಿಷ್ಟು ಹಿಡಿದುಕೊಂಡರೂ ಮಿಕ್ಕದ್ದನ್ನು ವಾಪಸು ಕೊಡುತ್ತಾರೆ.

ಇಂತಿ,
ನಿಮ್ಮ ಹಿತೈಷಿ