ಔಷಧ ಹೊಡೆಯುವ ಪಂಪಿಗೆ ಟೈಪ್-ಸಿ: ಬಳಕೆದಾರರ ಕೈಪಿಡಿ

ಈ ಕೈಪಿಡಿ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಿಗೆ ಮಾತ್ರ. ಬೇರೆಡೆಯೂ ನಡೆದೀತು, ತಕರಾರಿಗೆ ಇಲ್ಲಿಗೆ ಬರಬೇಡಿ.

ಬೇಕಾಗುವ ಸಾಮಾನು: ಹೆಗಲಿಗೆ ಹಾಕುವ, 12 ವೋಲ್ಟ್ ಲೆಡ್-ಆಸಿಡ್ ಬ್ಯಾಟರಿಯ ಪಂಪು. ಅದರ ಸ್ವಂತ ಚಾರ್ಜರ್ ಕೆಟ್ಟಿರಬೇಕು. ಕೆಡದಿದ್ದರೆ ಓದುವುದನ್ನು ನಿಲ್ಲಿಸಿ ಅದನ್ನೇ ಬಳಸಿ. ಮಗನ ಲ್ಯಾಪ್‌ಟಾಪಿನ 65 ವಾಟ್ ಟೈಪ್-ಸಿ ಚಾರ್ಜರ್. ಮಗ ಹಾನಗಲ್ಲಿನ ಮಾವಿನ ತೋಪಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ಹೊತ್ತು ನೋಡಿಕೊಳ್ಳಿ. ಒಂದು ಟ್ರಿಗರ್ ಬೋರ್ಡ್, ಒಂದು ಸ್ಟೆಪ್‌ಡೌನ್ ಬೋರ್ಡ್, ಒಂದು ಮಲ್ಟಿಮೀಟರ್. (ಸವಣೂರಿನ ಎಲೆ ತೋಟದವರು ಔಷಧ ಎಷ್ಟು ಹೊಡೆಯಬೇಕೆಂಬುದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ಎಲೆ ಹಾಕುವವನಾಗಿ ನನಗೊಂದು ಅಭಿಪ್ರಾಯವಿದೆ.)

ಚುಚ್ಚಿದ ಕೂಡಲೇ ಕರೆಂಟ್ ಬರುತ್ತದೆ ಎಂಬ ನಂಬಿಕೆಯನ್ನು ಮೊದಲು ಬಿಡಿ. ಆ ಕಡೆ ಯಾರಿದ್ದಾರೆಂದು ಖಾತ್ರಿಯಾಗುವವರೆಗೆ ಟೈಪ್-ಸಿ ಚಾರ್ಜರ್ ಏನನ್ನೂ ಕೊಡುವುದಿಲ್ಲ. ಅದರ 24 ಪಿನ್ನುಗಳಲ್ಲಿ ಸಿಸಿ ಎಂಬ ಎರಡು ಇರುವುದೇ ಮಾತುಕತೆಗೆ. ಹಾವೇರಿಯ ದನದ ಸಂತೆಯಲ್ಲಿ ಹೋರಿ ವ್ಯಾಪಾರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಸೇರುತ್ತದೆ, ಬೆರಳು ಮಾತಾಡುತ್ತದೆ, ಸುತ್ತ ನಿಂತವರಿಗೆ ತಿಳಿಯುವುದು ವ್ಯವಹಾರ ಮುಗಿದ ಮೇಲೆ. ಇಲ್ಲಿ ಮಾರುವವನೇ, ಅಂದರೆ ಚಾರ್ಜರೇ, ಮೊದಲು ತನ್ನ ಪಟ್ಟಿ ಒಪ್ಪಿಸುತ್ತದೆ. ಮೊದಲ ಸಾಲು ಯಾವಾಗಲೂ 5 ವೋಲ್ಟ್. ಆಮೇಲೆ 9, 15, 20. ಕೊಳ್ಳುವವನು, ಅಂದರೆ ನಮ್ಮ ಟ್ರಿಗರ್ ಬೋರ್ಡ್, ಎಷ್ಟನೆಯ ಸಾಲು ಎಂದಷ್ಟೇ ಬೆರಳು ಹಿಡಿಯುತ್ತಾನೆ. ಚಾರ್ಜರ್ ‘ಆಗಲಿ’ ಎಂದು ವೋಲ್ಟೇಜ್ ಏರಿಸಿ ‘ಈಗ ತಗೋ’ ಎನ್ನುತ್ತದೆ. ಇದಕ್ಕೆಲ್ಲ ಒಂದು ಸೆಕೆಂಡೂ ಹಿಡಿಯದು. ನಮ್ಮ ದಲ್ಲಾಳಿಗಳಿಗೆ ಎರಡು ಚಹಾ ಬೇಕು.

ಹೊಂದಿಸುವ ಕ್ರಮ. ಟ್ರಿಗರ್ ಬೋರ್ಡಿನ ಮೇಲೆ ಸಿಎಚ್224ಕೆ ಎಂಬ ಚಿಪ್ ಇದ್ದರೆ ಒಂದೇ ರೆಸಿಸ್ಟರ್ ಬೆಸೆದು ಅದರ ಬೇಡಿಕೆ ಬರೆಯಬಹುದು. 6.8 ಕಿಲೋ ಓಮ್ ಹಾಕಿದರೆ 9 ವೋಲ್ಟ್ ಕೇಳುತ್ತದೆ, 24 ಹಾಕಿದರೆ 12, 56 ಹಾಕಿದರೆ 15. ಏನೂ ಹಾಕದಿದ್ದರೆ? ಸುಮ್ಮನಿದ್ದವನು ಕಡಿಮೆ ಕೇಳುತ್ತಾನೆ ಎಂದುಕೊಂಡಿರಿ. ಅದು ನೇರ 20 ಕೇಳುತ್ತದೆ.

ಈ ಹಂತದಲ್ಲಿ ಪಕ್ಕದ ಹೊಲದವರು ಬಂದು ನಿಲ್ಲುತ್ತಾರೆ. “ಹನ್ನೆರಡರ ಬ್ಯಾಟರಿಗೆ ಹನ್ನೆರಡ ಕೇಳಿದ್ರ ಮುಗೀತಲ್ರೀ?” ಮುಗಿಯೂದಿಲ್ರೀ. ತುಂಬಿದ 12 ವೋಲ್ಟ್ ಬ್ಯಾಟರಿ ಸುಮ್ಮನೆ ಕೂತಾಗಲೇ 12.7ರಷ್ಟಿರುತ್ತದೆ, ತುಂಬಿಸಲು 14.4ರ ಆಸುಪಾಸು ಬೇಕು. ಮೇಲಾಗಿ 12 ಎಂಬ ಸಾಲು ಪಟ್ಟಿಯಲ್ಲಿ ಇರಲೇಬೇಕೆಂಬ ನಿಯಮವಿಲ್ಲ. 15 ಕೇಳಿದರೆ ಸ್ಟೆಪ್‌ಡೌನ್ ಬೋರ್ಡಿಗೆ ಇಳಿಸಲು ಜಾಗವೇ ಸಾಲದು. ಹಾಗಾಗಿ ಕೇಳಬೇಕಾದದ್ದು 20. ಇಷ್ಟು ಹೊತ್ತು ರೆಸಿಸ್ಟರ್ ಹುಡುಕಿದಿರಲ್ಲ, ಅವನ್ನು ಡಬ್ಬಿಗೆ ಹಾಕಿ.

ಆ 20ನ್ನು ಬ್ಯಾಟರಿಗೆ ನೇರ ಮುಟ್ಟಿಸಬೇಡಿ, ಬ್ಯಾಟರಿ ಕುದಿಯುತ್ತದೆ. ಮೊದಲು ಸ್ಟೆಪ್‌ಡೌನ್ ಬೋರ್ಡನ್ನು ಮೀಟರ್ ಹಿಡಿದು 14.4ಕ್ಕೆ ತಿರುಗಿಸಿ, 8 ಆಂಪಿಯರ್-ಅವರ್ ಬ್ಯಾಟರಿಯಾದರೆ ಕರೆಂಟನ್ನು 1 ಆಂಪಿಯರಿಗೆ ಮಿತಿಗೊಳಿಸಿ, ಆಮೇಲೆ ಜೋಡಿಸಿ. ತುಂಬಿದ ಮೇಲೆ ಮೊದಲು ಬ್ಯಾಟರಿ ಬಿಚ್ಚಿ, ನಂತರ ಚಾರ್ಜರ್ ತೆಗೆಯಿರಿ. ರಾತ್ರಿಯಿಡೀ ಬಿಡಬೇಡಿ. ಫೋನಿನ 20 ವಾಟ್ ಚಾರ್ಜರ್ ಹಾಕಿ ‘20 ಅಂತ ಬರದೈತಲ್ರೀ’ ಎನ್ನುವವರಿಗೆ: ಬರೆದಿರುವುದು ವಾಟ್. 20 ವೋಲ್ಟ್ ಇಡಲೇಬೇಕಾದದ್ದು 45 ವಾಟ್ ದಾಟಿದ ಚಾರ್ಜರ್.

ಡೇಟಾ. ಪಂಪಿಗೆ ಡೇಟಾ ಬೇಡ, ಆದರೂ ಕೈಪಿಡಿ ಅಂದಮೇಲೆ ಬರೆಯಬೇಕು. ಕರೆಂಟ್ ಯಾರು ಕೊಡುತ್ತಾರೆ, ಡೇಟಾ ಯಾರ ಹಿಡಿತದಲ್ಲಿ ಎಂಬುವು ಟೈಪ್-ಸಿಯಲ್ಲಿ ಬೇರೆ ಬೇರೆ ಕರಾರು. ಹಿರೇಕೆರೂರಿನ ಕಡೆ ಬ್ಯಾಂಕ್ ಮಿತ್ರರು ಫೋನಿಗೆ ಹೆಬ್ಬೆಟ್ಟಿನ ಯಂತ್ರ ಸಿಕ್ಕಿಸಿ ಪಿಂಚಣಿ ಹಂಚುವಾಗ ಫೋನೇ ಯಜಮಾನ, ಕರೆಂಟ್ ಕೊಡುವವನೂ ಅದೇ, ಮಧ್ಯಾಹ್ನಕ್ಕೆ ಸತ್ತಿರುತ್ತದೆ. ಚಾರ್ಜಿಂಗ್ ತೂತಿರುವ ಪಿಡಿ, ಅಂದರೆ ಈ ಮಾತುಕತೆ ಬಲ್ಲ, ಹಬ್ ಹಾಕಿ. ಫೋನ್ ಒಪ್ಪಿದರೆ ಯಜಮಾನಿಕೆ ಇಟ್ಟುಕೊಂಡೇ ಕರೆಂಟ್ ತೆಗೆದುಕೊಳ್ಳುತ್ತದೆ.

ದೋಷ ನಿವಾರಣೆ. ಜಾತ್ರೆಯಲ್ಲಿ ಕೊಂಡ ಟಾರ್ಚಿಗೂ ಟೈಪ್-ಸಿ ಬಾಯಿ ಇರುತ್ತದೆ, ಆದರೆ ಸಿ-ಇಂದ-ಸಿ ವೈರಿನಲ್ಲಿ ಚಾರ್ಜ್ ಏರುವುದಿಲ್ಲ. “ವೈರ್ ಚೊಲೋ ಐತಿ, ಚಾರ್ಜರ್ ಚೊಲೋ ಐತಿ, ಯಾಕ ಏರವಲ್ದು?” ಸಿಸಿ ಪಿನ್ನುಗಳಿಗೆ ತಲಾ ಒಂದು 5.1 ಕಿಲೋ ಓಮ್ ರೆಸಿಸ್ಟರ್ ಇರಬೇಕಿತ್ತು. ಕೆಲವು ಪೈಸೆ ಉಳಿಸಲು ಬಿಟ್ಟಿದ್ದಾರೆ. ಹಾಗಾಗಿ ಚಾರ್ಜರಿಗೆ ಆ ಕಡೆ ಯಾರೂ ಕಾಣುವುದಿಲ್ಲ. ಟಾರ್ಚ್ ಮಾಡಿದವರನ್ನೇ ಬೈಯಬೇಡಿ: 2019ರಲ್ಲಿ ಬ್ರಿಟನ್ನಿನ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಕೂಡ ಎರಡು ಪಿನ್ನಿಗೆ ಒಂದೇ ರೆಸಿಸ್ಟರ್ ಹಂಚಿ, ಚಿಪ್ ಇರುವ ಒಳ್ಳೆಯ ವೈರುಗಳಲ್ಲೇ ಏಳದೆ ಮಲಗಿತ್ತು. ಟಾರ್ಚಿಗೆ ಒಂದು ತುದಿಯಲ್ಲಿ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ವೈರ್ ಹಾಕಿ. ಆ ತುದಿ ಯಾರನ್ನೂ ಏನೂ ಕೇಳದೆ 5 ವೋಲ್ಟ್ ಕೊಡುತ್ತದೆ. ವೈರ್ ಇಲ್ಲದಿದ್ದರೆ ಶಿಗ್ಗಾಂವಿಯ ಯಾವ ಮೊಬೈಲ್ ಅಂಗಡಿಯಲ್ಲೂ ಸಿಕ್ಕೀತು. ಟಾರ್ಚನ್ನೂ ಒಯ್ದು ಅಲ್ಲೇ ಚುಚ್ಚಿ ನೋಡಿ ದುಡ್ಡು ಕೊಡಿ.