ಅಮೃತಹಳ್ಳಿಯ ಶುಗರ್ ಪಂಡಿತರು

ಅಮೃತಹಳ್ಳಿ ಕೆರೆಯ ಸುತ್ತ ಬೆಳಗಿನ ನಡಿಗೆಗೆ ಬರುವವರಲ್ಲಿ ಎದ್ದು ಕಾಣುವ ಒಂದು ವರ್ಗವನ್ನು, ಬೇರೆ ಶಾಸ್ತ್ರೀಯ ನಾಮಧೇಯ ದೊರೆಯದ ಕಾರಣ, ಶುಗರ್ ಪಂಡಿತರೆಂದು ಕರೆಯಬಹುದು. ಬಹುಕಾಲದಿಂದ ಮಧುಮೇಹವನ್ನು ಸಾಕಿಕೊಂಡು ಬಂದ ಈ ಮಹನೀಯರು, ಪರಿಚಯವಾದ ಎರಡನೆಯ ಮಾತಿಗೇ ಎದುರಿನವರ ಫಾಸ್ಟಿಂಗ್ ಎಷ್ಟೆಂದು ವಿಚಾರಿಸಿ, ಉತ್ತರ ಬರುವ ಮೊದಲೇ ತಮ್ಮದನ್ನು ಹೇಳಿ ಮುಗಿಸಿರುತ್ತಾರೆ. ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು 2023ರಲ್ಲಿ ಅಂದಾಜಿಸಿತು. ಆ ಅಂಕಿಯನ್ನು ಉಚ್ಚರಿಸುವಾಗ ಪಂಡಿತರ ದನಿಯಲ್ಲಿ ಸ್ವಜಾತಿ ಸಂಘದ ಸದಸ್ಯಬಲವನ್ನು ಘೋಷಿಸುವ ಅಧ್ಯಕ್ಷರ ಹೆಮ್ಮೆಯಿರುತ್ತದೆ.

ಆರೋಗ್ಯದ ಮಾಹಿತಿಯನ್ನು ಪಡೆದು, ಅರ್ಥಮಾಡಿಕೊಂಡು, ತೂಗಿ ನೋಡಿ, ತನ್ನ ಮೈಗೆ ಅನ್ವಯಿಸಿಕೊಳ್ಳುವ ಸಾಮರ್ಥ್ಯಕ್ಕೆ ಆರೋಗ್ಯ ಸಾಕ್ಷರತೆ ಎನ್ನುತ್ತಾರೆ. ಡಾನ್ ನಟ್‌ಬೀಮ್ ಎಂಬ ವಿದ್ವಾಂಸರು 2000ದಲ್ಲಿ ಇದರಲ್ಲಿ ಮೂರು ಮಟ್ಟಗಳನ್ನು ಗುರುತಿಸಿದರು: ಓದಿ ತಿಳಿಯುವುದು, ಇತರರೊಡನೆ ಚರ್ಚಿಸಿ ಬಳಸುವುದು, ವಿಮರ್ಶಿಸಿ ನಿರ್ಧರಿಸುವುದು. ಪಂಡಿತರು ಮೊದಲನೆಯದರಲ್ಲಿ ಉತ್ತೀರ್ಣರು, ಎರಡನೆಯದರಲ್ಲಿ ಅತಿರೇಕಿಗಳು, ಮೂರನೆಯದಕ್ಕೆ ಹಾಜರಾದವರೇ ಅಲ್ಲ. ರಕ್ತ ಕೊಡುವ ಎರಡು ದಿನ ಮುಂಚೆ ಕಠಿಣ ಪಥ್ಯ ಹಿಡಿದು, ಕೊಟ್ಟ ಮರುಗಳಿಗೆಯೇ ದರ್ಶಿನಿಯಲ್ಲಿ ಕೇಸರಿಬಾತು ತಿಂದು ಮೇಲೆ ಸಕ್ಕರೆಯಿಲ್ಲದ ಕಾಫಿ ಕುಡಿಯುವ ಅವರು, ಹಿಮೋಗ್ಲೋಬಿನ್ನಿಗೆ ಅಂಟಿಕೊಂಡ ಸಕ್ಕರೆಯನ್ನು ಅಳೆದು ಹಿಂದಿನ ಎರಡು-ಮೂರು ತಿಂಗಳ ಸರಾಸರಿಯನ್ನು ಹೇಳಿಬಿಡುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಮಾತ್ರ ಲ್ಯಾಬಿನವರ ಪಿತೂರಿಯೆಂದೇ ಬಗೆಯುತ್ತಾರೆ.

ಇಷ್ಟೆಲ್ಲ ವಿದ್ಯೆ ಮೊಣಕಾಲಿನಿಂದ ಕೆಳಗೆ ಇಳಿಯುವುದಿಲ್ಲ ಎಂಬುದೇ ಈ ವರ್ಗದ ಮುಖ್ಯ ಲಕ್ಷಣ. ರಕ್ತದಲ್ಲಿ ವರ್ಷಗಟ್ಟಲೆ ಏರಿಯೇ ಇರುವ ಸಕ್ಕರೆ ನರದ ಎಳೆಗಳನ್ನೂ ಅವುಗಳಿಗೆ ರಕ್ತ ಒದಗಿಸುವ ಸೂಕ್ಷ್ಮ ನಾಳಗಳನ್ನೂ ಕೆಡಿಸುತ್ತದೆ. ಸಾಮಾನ್ಯವಾಗಿ ಎಲ್ಲಕ್ಕಿಂತ ಉದ್ದನೆಯ ನರಗಳು ಮೊದಲು ಸೋಲುವುದರಿಂದ ತೊಂದರೆ ಕಾಲ್ಬೆರಳಿನಲ್ಲಿ ಆರಂಭವಾಗಿ ಮೇಲಕ್ಕೆ ಏರುತ್ತದೆ. ಮಧುಮೇಹದ ನರಹಾನಿ ಎನಿಸಿಕೊಳ್ಳುವ ಈ ಸ್ಥಿತಿಯಲ್ಲಿ ಕೆಲವರಿಗೆ ರಾತ್ರಿಯ ಹೊತ್ತು ಅಂಗಾಲು ಉರಿಯುತ್ತದೆ, ಜೋಮು ಹಿಡಿಯುತ್ತದೆ, ಇರುವೆ ಹರಿದಂತಾಗುತ್ತದೆ. ಪಂಡಿತರು ಆ ಉರಿಗೆ ಮನೆಯಂಗಳದ ಅಮೃತಬಳ್ಳಿಯ ಕಷಾಯ ಕುಡಿಯುತ್ತಾರೆ. ಕೆಲವು ವರ್ಷಗಳಲ್ಲಿ ಉರಿ ತಾನಾಗಿ ನಿಂತು ಪಾದ ಮರಗಟ್ಟಿದಾಗ, ಅಂದರೆ ನೋವನ್ನು ವರದಿ ಮಾಡಬೇಕಾದ ನರವೇ ಕೆಲಸ ಬಿಟ್ಟಾಗ, ಕಷಾಯ ಗೆದ್ದಿತೆಂದು ಘೋಷಿಸಿ, ಬಳ್ಳಿಯ ತುಂಡುಗಳನ್ನು ಜಕ್ಕೂರಿನ ನೆಂಟರಿಗೂ ಸಹಕಾರನಗರದ ಬೀಗರಿಗೂ ಹಂಚುತ್ತಾರೆ.

ಆಮೇಲಿನ ಅವರ ಪರಾಕ್ರಮಗಳೆಲ್ಲ ಪಾದಕ್ಕೇ ಸಂಬಂಧಿಸಿದವು. ಹೊಸ ಚಪ್ಪಲಿ ತಮ್ಮನ್ನು ಕಚ್ಚುವುದೇ ಇಲ್ಲವೆಂದು ಬೀಗುವ ಅವರು ಹಿಮ್ಮಡಿಯ ಬೊಕ್ಕೆಯನ್ನು ಕಂಡಿರುವುದಿಲ್ಲ. ಸುಡುಬಿಸಿಲಿನಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಉಳಿದ ಭಕ್ತರು ಕುಣಿಯುತ್ತಿರುವಾಗ ತಾವೊಬ್ಬರೇ ಗಾಂಭೀರ್ಯದಿಂದ ಪ್ರದಕ್ಷಿಣೆ ಹಾಕಿ, ಅದನ್ನು ಭಕ್ತಿಯ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುತ್ತಾರೆ. ಎಡಗಾಲಿನ ಚಪ್ಪಲಿ ಜಾರಿ ಹಿಂದೆ ಬಿದ್ದದ್ದು ತಿಳಿಯದೆ ಮುಂದೆ ಸಾಗುವ ಅವರನ್ನು ಯಾರಾದರೂ ಕೂಗಿ ನಿಲ್ಲಿಸಿದರೆ, ಚಪ್ಪಲಿ ಅಂಗಡಿಯವನಿಗೆ ಶಾಪ ಬೀಳುತ್ತದೆ.

ನ್ಯಾಯವಾಗಿ ನೋಡಿದರೆ ತಪ್ಪೆಲ್ಲ ಅವರದೇ ಅಲ್ಲ. ಅವರಿಗೆ ಸಿಗುವ ವರದಿ ಇಂಗ್ಲಿಷಿನಲ್ಲಿದ್ದು, ವೈದ್ಯರ ಸಮಯ ನಿಮಿಷಗಳಲ್ಲಿರುತ್ತದೆ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರಿಗಾಲಿನಲ್ಲಿ ಒಳಹೋಗುವ ಪದ್ಧತಿಯಿರುವ ಎಷ್ಟೋ ಕ್ಲಿನಿಕ್ಕುಗಳಲ್ಲಿ ಕೂಡ ಆ ಕಾಲನ್ನು ಬಗ್ಗಿ ನೋಡುವವರಿರುವುದಿಲ್ಲ. ನೋಡಲು ಬೇಕಾದ ಸಾಧನವಾದರೂ ಅಗ್ಗದ್ದು: ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆಯನ್ನು ಪಾದಕ್ಕೆ ಒತ್ತಿದಾಗ ಅದು 10 ಗ್ರಾಂ ಬಲಕ್ಕೆ ಬಾಗುತ್ತದೆ, ಕಣ್ಣು ಮುಚ್ಚಿ ಕುಳಿತವರು ಮುಟ್ಟಿದ್ದು ತಿಳಿದಾಗ ಹೇಳಬೇಕು. ಸೊಸೆಯ ಒತ್ತಾಯಕ್ಕೆ ಮಣಿದು ಈ ಪರೀಕ್ಷೆಗೆ ಕುಳಿತ ಪಂಡಿತರು, ನರ್ಸಮ್ಮ ಎರಡೂ ಪಾದಗಳನ್ನು ಮುಗಿಸಿ ಫಲಿತಾಂಶ ಬರೆದುಕೊಳ್ಳುತ್ತಿರುವಾಗ, ಕಣ್ಣು ಮುಚ್ಚಿಕೊಂಡೇ, “ಶುರು ಮಾಡಿಯಮ್ಮ, ಹೊತ್ತಾಗುತ್ತದೆ” ಎಂದು ಆಕ್ಷೇಪಿಸುತ್ತಾರೆ.